ಊರೂ ಒಂದು ಒಕ್ಕಲುತನದ ಸಾಮಾನು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಹಳ್ಳಿಗಳಿಂದ ಒಂದು ಪಾಠ

ಹೋದ ವರ್ಷ ಜೋಳದ ರಾಶಿಯ ಹೊತ್ತಿಗೆ ಚಿಗವ್ವನ ಮನೆಗೆ ಹೋಗಿದ್ದೆ. ಅವರ ಹಳೇ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿ ಇಪ್ಪತ್ತು ವರ್ಷದ ಮೇಲಾಯಿತು. ಈಗ ಇರುವುದು ಪುನರ್ವಸತಿ ಕೇಂದ್ರದಲ್ಲಿ. ನೆಟ್ಟಗಿನ ರಸ್ತೆ, ಸಾಲಾಗಿ ಮನೆ, ನಳದ ನೀರು, ಹತ್ತಿರದಲ್ಲೇ ಶಾಲೆ. ನಮ್ಮೂರ ಇಕ್ಕಟ್ಟಿನ ಓಣಿಯಿಂದ ಹೋದವನಿಗೆ ಪೇಟೆಗೆ ಬಂದ ಹಾಗೆ ಕಂಡಿತು.

ಊರೊಳಗೆ ಹೊಕ್ಕ ಕೂಡಲೇ ಗಾಡಿ ನಿಲ್ಲಿಸಬೇಕಾಯಿತು. ಡಾಂಬರು ರಸ್ತೆಯ ಅರ್ಧಕ್ಕೆ ಜೋಳದ ತೆನೆ ಹರವಿದ್ದರು. ಎರಡೂ ತುದಿಗೆ ಕಲ್ಲು ಇಟ್ಟು, ಚಿಗವ್ವನ ಮಗ ಬಿಸಿಲಲ್ಲಿ ಕಾವಲು ಕೂತಿದ್ದ.

“ಇದೇನೋ ತಮ್ಮಾ, ರಸ್ತೇದಾಗ?” ಎಂದೆ.

“ಮತ್ತೆಲ್ಲಿ ಹಾಕಲಿ ಅಣ್ಣಾ? ಈ ಊರಾಗ ಎಲ್ಲಾ ಐತಿ, ಕಣ ಒಂದು ಇಲ್ಲ.”

ಮನೆಗೆ ಹೋದ ಮೇಲೆ ಚಿಗವ್ವ ಇನ್ನೊಂದು ಸುದ್ದಿ ಹೇಳಿದಳು. “ಎಮ್ಮಿ ಎರಡೂ ಮಾರಿದ್ವಿ ಯಪ್ಪಾ. ಕಣಕಿ ಒಟ್ಟಾಕ ಜಾಗ ಇಲ್ಲ, ಸಗಣಿ ಹಾಕಾಕ ತಿಪ್ಪಿ ಇಲ್ಲ. ಮಗ್ಗಲ ಮನಿಯವ್ರು ವಾಸನಿ ಬರ್ತೈತಿ ಅಂತ ಜಗಳಕ್ಕ ಬಂದ್ರು. ದಿನಾ ಯಾರ ಕೂಡ ಜಗಳಾಡೂದು?”

ಅವರಿಗೆ ನೀರಿನ ಮೇಲೆ ಉಳಿದ ಮೂರೆಕರೆ ಹೊಲ ಇದೆ. ದುಡಿಯುವ ಮಗ ಇದ್ದಾನೆ. ಮಳೆಯೂ ಆ ವರ್ಷ ಕೈಕೊಟ್ಟಿರಲಿಲ್ಲ. ಆದರೂ ಒಕ್ಕಲುತನ ಅರ್ಧಕ್ಕೆ ಇಳಿದಿದೆ. ಕಾರಣ ಹೊಲದಲ್ಲಿಲ್ಲ, ಊರಿನಲ್ಲಿದೆ. ಕೂರಿಗೆ, ಕುಂಟೆ, ರಂಟೆ ಇದ್ದ ಹಾಗೆ ಊರೂ ಒಕ್ಕಲುತನದ ಒಂದು ಸಾಮಾನು. ಅದರ ಒಂದು ಭಾಗ ಮುರಿದರೂ ಕೆಲಸ ನಿಲ್ಲುತ್ತದೆ. ಈ ಮಾತನ್ನು ನಮ್ಮ ಸೀಮೆಯ ಹಳ್ಳಿಗಳನ್ನೇ ಮುಂದಿಟ್ಟುಕೊಂಡು ನೋಡೋಣ.

ಊರು ಅಲ್ಲೇ ಯಾಕೆ ಕೂತಿದೆ?

ಬಾಗಲಕೋಟೆ ಜಿಲ್ಲೆ 1997ರಲ್ಲಿ ವಿಜಾಪುರದಿಂದ ಬೇರೆಯಾಯಿತು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಈ ಮೂರು ಹೊಳೆಗಳ ಜಿಲ್ಲೆ ಇದು. ಹೊಳೆ ಮೂರಿದ್ದರೂ ಮಳೆ ಮಾತ್ರ ವರ್ಷಕ್ಕೆ ಸುಮಾರು 550ರಿಂದ 600 ಮಿಲಿಮೀಟರ್. ಅದೂ ಒಂದು ವರ್ಷ ಬಂದಂತೆ ಇನ್ನೊಂದು ವರ್ಷ ಬರುವುದಿಲ್ಲ. ಇಂಥ ಕಡೆ ಹಿರಿಯರು ಊರು ಕಟ್ಟುವಾಗ ಮೂರು ಪ್ರಶ್ನೆ ಕೇಳಿಕೊಂಡ ಹಾಗೆ ಕಾಣುತ್ತದೆ. ಕುಡಿಯುವ ನೀರು ಎಲ್ಲಿದೆ? ಗಟ್ಟಿ ನೆಲ ಎಲ್ಲಿದೆ? ಒಳ್ಳೇ ಹೊಲ ಕೆಡದಂತೆ ಎಲ್ಲಿ ಮನೆ ಕಟ್ಟಬಹುದು? ಈ ಮೂರರ ಉತ್ತರ ಬೇರೆ ಬೇರೆ ಬಂದಿದ್ದರಿಂದ ಊರುಗಳೂ ಮೂರು ತರ ಆಗಿವೆ.

ಮೊದಲನೆಯದು ಹೊಳೆ ದಂಡೆಯ ಊರು. ದಂಡೆಯ ಊರಾದರೂ ಹಳೆಯವು ಬಹುತೇಕ ದಿಬ್ಬದ ಮೇಲಿವೆ. ನೀರು ತರಲು ನಡೆದು ಹೋಗುವಷ್ಟು ಹತ್ತಿರ, ಹೊಳೆ ಬಂದರೆ ಮನೆಗೆ ನುಗ್ಗದಷ್ಟು ಎತ್ತರ. ದಿಬ್ಬಕ್ಕೂ ಹೊಳೆಗೂ ನಡುವಿನ ಮಡ್ಡು ಬಿದ್ದ ಜಾಗದಲ್ಲಿ ಹೊಲ ಮಾಡಿದರೇ ಹೊರತು ಮನೆ ಕಟ್ಟಲಿಲ್ಲ.

ಎರಡನೆಯದು ಎರೆ ಸೀಮೆಯ ಊರು. ಹುನಗುಂದ ತಾಲೂಕಿನ ಬಯಲಲ್ಲಿ ನಿಂತು ನೋಡಿ, ಕಣ್ಣು ಹೋದಷ್ಟು ದೂರ ಕರೀ ಹೊಲ. ಊರು ಮಾತ್ರ ಗರಸಿನ ಇಲ್ಲವೇ ಕಲ್ಲಿನ ಏರಿನ ಮೇಲೆ ಒತ್ತೊತ್ತಾಗಿ ಕೂತಿರುತ್ತದೆ. ಇದಕ್ಕೆ ಎರಡು ಕಾರಣ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಹಗುರ ಬುನಾದಿ ಹಾಕಿದ ಗೋಡೆ ಕೆಲವೇ ವರ್ಷಕ್ಕೆ ಸೀಳುತ್ತದೆ. ಇನ್ನೊಂದು, ಹಿಂಗಾರಿ ಜೋಳ ಬೆಳೆಯುವ ಬಂಗಾರದಂಥ ನೆಲವನ್ನು ಮನೆ ಕಟ್ಟಿ ಹಾಳು ಮಾಡಲು ಒಕ್ಕಲಿಗನಿಗೆ ಮನಸ್ಸು ಬರುವುದಿಲ್ಲ. ಎರೆ ಸೀಮೆಯ ಬಾವಿಗಳ ನೀರು ಎಷ್ಟೋ ಕಡೆ ಸವಳು. ಸಿಹಿ ನೀರಿನ ಒಂದು ಬಾವಿ ಸಿಕ್ಕರೆ ಊರಿಗೆ ಊರೇ ಅದರ ಸುತ್ತ ಬೆಳೆದದ್ದುಂಟು.

ಮೂರನೆಯದು ಗುಡ್ಡದ ಬುಡದ ಊರು. ಬಾದಾಮಿ, ಗುಳೇದಗುಡ್ಡ, ಐಹೊಳೆ ಕಡೆ ಮರಳುಗಲ್ಲಿನ ಗುಡ್ಡ. ಗುಡ್ಡದ ನೀರು ಇಳಿಯುವ ಕಡೆ ಕೆರೆ, ಕೆರೆಯ ಮಗ್ಗುಲಿಗೆ ಊರು, ಅದರ ಕೆಳಗೆ ಮಸಾರಿ ಹೊಲ. ಬಾದಾಮಿಯ ಅಗಸ್ತ್ಯ ತೀರ್ಥವನ್ನೇ ನೋಡಿ. ಎರಡು ಗುಡ್ಡಗಳ ನಡುವೆ ಬೀಳುವ ನೀರನ್ನು ತಡೆದು ನಿಲ್ಲಿಸಿದ್ದಾರೆ. ಅಲ್ಲಿನ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಅಂದರೆ ಆ ಊರಿನ ವಯಸ್ಸು ಒಂದೂವರೆ ಸಾವಿರ ವರ್ಷದ ಹತ್ತಿರ. ರಾಜಧಾನಿಗೇ ಆಗಲಿ, ಸಣ್ಣ ಹಳ್ಳಿಗೇ ಆಗಲಿ, ನೀರಿನ ಲೆಕ್ಕ ಒಂದೇ.

ಹೆಸರುಗಳಲ್ಲೂ ಈ ಲೆಕ್ಕ ಅಡಗಿದೆ. ಸೂಳೇಭಾವಿಯಲ್ಲಿ ಬಾವಿ, ಗುಳೇದಗುಡ್ಡ, ಚೊಳಚಗುಡ್ಡಗಳಲ್ಲಿ ಗುಡ್ಡ, ಪಟ್ಟದಕಲ್ಲಿನಲ್ಲಿ ಕಲ್ಲು, ಕೂಡಲಸಂಗಮದಲ್ಲಿ ಕೃಷ್ಣಾ ಮಲಪ್ರಭಾ ಕೂಡುವ ಜಾಗ. ನಿಮ್ಮ ಸುತ್ತಲಿನ ಹತ್ತು ಊರುಗಳ ಹೆಸರು ಬರೆದು ನೋಡಿ. ನೀರು, ಕಲ್ಲು, ಮರ, ಮಣ್ಣು ಇವುಗಳಲ್ಲಿ ಒಂದಾದರೂ ಕಣ್ಣಿಗೆ ಬೀಳುತ್ತದೆ.

ಒಂಟಿ ಊರು ಬದುಕುವುದಿಲ್ಲ

ಹಳ್ಳಿಗೆ ಸಂತೆ ಬೇಕು. ಬಂಡಿಯಲ್ಲಿ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆಗೆ ಮುಟ್ಟುವಷ್ಟು ದೂರದಲ್ಲಿ ಒಂದು ಪೇಟೆ ಊರು ಇರಬೇಕು. ನಮ್ಮ ಕಡೆ ಇಳಕಲ್ ಅಂಥದ್ದು, ಈಗ ಅದೇ ಒಂದು ತಾಲೂಕು. ಸೀರೆಗೆ ಮತ್ತು ಕೆಂಪು ಗ್ರಾನೈಟಿಗೆ ಹೆಸರಾದ ಊರು. ಗುಳೇದಗುಡ್ಡದಲ್ಲಿ ಖಣ, ಸೂಳೇಭಾವಿಯಲ್ಲಿ ನೇಕಾರಿಕೆ, ಅಮೀನಗಡದಲ್ಲಿ ಕುರಿ ಸಂತೆ ಮತ್ತು ಕರದಂಟು. ಒಕ್ಕಲಿಗನ ಮನೆಯ ಹೆಣ್ಣುಮಕ್ಕಳು ಉಡುವ ಸೀರೆ, ತೊಡುವ ಕುಪ್ಪಸ ಈ ಊರುಗಳ ಮಗ್ಗದಲ್ಲಿ ಆಯಿತು. ನೇಕಾರನ ಮನೆಯ ಜೋಳ ನಮ್ಮ ಹೊಲದಲ್ಲಿ ಆಯಿತು. ಬೆಳೆ ಹೋದ ವರ್ಷ ಮಗ್ಗದ ಸದ್ದೂ ಕಡಿಮೆಯಾಗುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಊರನ್ನು ಎತ್ತಿ ಬೇರೆ ಕಡೆ ಇಡುವಾಗ ಈ ಸಂತೆಯ ದಾರಿಯೂ ಬದಲಾಗುತ್ತದೆ ಎಂಬುದನ್ನು ನೆನಪಿಡಬೇಕು.

ಊರೊಳಗಿನ ಒಕ್ಕಲುತನ

ಈಗ ಊರೊಳಗೆ ಬನ್ನಿ. ಅಗಸಿ ಬಾಗಿಲು, ಅದರ ಹತ್ತಿರ ಹಣಮಪ್ಪನ ಗುಡಿ, ಚಾವಡಿ, ಕೆಲವು ಕಡೆ ಹುಡೇವು. ಇವು ಎಲ್ಲರ ಕಣ್ಣಿಗೂ ಕಾಣುತ್ತವೆ. ನಾನು ಹೇಳಹೊರಟಿದ್ದು ಕಣ್ಣಿಗೆ ಬಿದ್ದರೂ ನಾವು ಲೆಕ್ಕಕ್ಕೆ ಹಿಡಿಯದ ಜಾಗಗಳ ಬಗ್ಗೆ.

ಕಣ: ಊರ ಹೊರಗೆ, ಗಾಳಿ ಬೀಸುವ ಎತ್ತರದಲ್ಲಿ, ಗಟ್ಟಿ ನೆಲದ ಮೇಲೆ ಇರುತ್ತದೆ. ತೂರಲು ಗಾಳಿ ಬೇಕು. ಹೊಟ್ಟು ಊರೊಳಗೆ ಹಾರಬಾರದು. “ಈಗ ರಾಶಿ ಮಷೀನ್ ಬಂದೈತಿ, ಕಣ ಯಾಕ ಬೇಕು?” ಎಂದು ಕೇಳುವವರಿದ್ದಾರೆ. ಮಷೀನ್ ನಿಲ್ಲಲು ಜಾಗ ಬೇಡವೇ? ತೆನೆ ಒಣಗಬೇಕು, ಕಾಳು ಒಣಗಬೇಕು, ಹೊಟ್ಟು ಒಂದು ಕಡೆ ಬೀಳಬೇಕು. ಎತ್ತು ಸುತ್ತುವುದು ನಿಂತಿರಬಹುದು, ಕಣದ ಕೆಲಸ ನಿಂತಿಲ್ಲ.

ಬಣವೆ: ಕಣಕಿ ಒಟ್ಟುವ ಜಾಗ. ಮನೆಗಳಿಂದ ದೂರ ಇರಬೇಕು, ಬೆಂಕಿಯ ಭಯ. ತೀರಾ ದೂರವೂ ಇರಬಾರದು, ದಿನಾ ಎರಡು ಹೊತ್ತು ಹೊರೆ ತರಬೇಕು.

ತಿಪ್ಪೆ: ಒಂದು ಮನೆಗೆ ಒಂದು ತಿಪ್ಪೆ ಎಂಬುದು ಹಳೇ ಊರಿನ ರೂಢಿ. ಊರ ಹೊರಗಿನ ಅಂಚಿನಲ್ಲಿ, ಬಂಡಿ ಹೋಗುವ ದಾರಿಗೆ ಹತ್ತಿರ. ತಿಪ್ಪೆ ಹೋದರೆ ಗೊಬ್ಬರ ಹೋಯಿತು. ಗೊಬ್ಬರ ಹೋದರೆ ಚೀಲದ ಗೊಬ್ಬರದ ಸಾಲ ಬಂತು.

ದನದ ಜಾಗ: ನಮ್ಮ ಕಡೆಯ ಹಳೇ ಮಾಳಿಗೆ ಮನೆಯಲ್ಲಿ ಬಾಗಿಲು ದಾಟಿದರೆ ಮೊದಲು ಗೋದಲಿ, ದನ. ಮೆಟ್ಟಿಲು ಹತ್ತಿದರೆ ಪಡಸಾಲೆ, ಮಂದಿ. ದನ ಕಣ್ಣ ಮುಂದೆಯೇ ಇರುತ್ತಿತ್ತು. ಕಳ್ಳರ ಭಯ ಇಲ್ಲ, ರಾತ್ರಿ ಈಯುವ ಎಮ್ಮೆಯನ್ನು ನೋಡಲು ಕಂದೀಲು ಹಿಡಿದು ದೂರ ಹೋಗಬೇಕಿಲ್ಲ.

ಹಗೇವು: ನೆಲದೊಳಗಿನ ಜೋಳದ ಗುಂಡಿ. ಗಟ್ಟಿಯಾದ, ಒಣಗಿದ, ಎತ್ತರದ ನೆಲದಲ್ಲಿ ಮಾತ್ರ ಆಗುತ್ತದೆ. ಒಳಗೆ ಕಣಕಿ, ಹೊಟ್ಟು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಇಟ್ಟು ಮಣ್ಣು ಮೆತ್ತಿದರೆ ಗಾಳಿ ಆಡುವುದಿಲ್ಲ, ಹುಳ ಬದುಕುವುದಿಲ್ಲ. ಬರಗಾಲದ ವರ್ಷಗಳಲ್ಲಿ ಊರನ್ನು ಉಳಿಸಿದ್ದು ಇದೇ. (ಹಗೇವು ಇನ್ನೂ ಇದ್ದವರಿಗೆ ಒಂದು ಎಚ್ಚರಿಕೆ: ಬಾಯಿ ತೆರೆದ ಕೂಡಲೇ ಒಳಗೆ ಇಳಿಯಬೇಡಿ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ, ಜೀವ ಹೋಗುತ್ತದೆ. ಬಹಳ ಹೊತ್ತು ತೆರೆದಿಟ್ಟು, ಗಾಳಿ ಆಡಿಸಿ, ಮೇಲೆ ಮಂದಿ ನಿಂತಾಗ ಮಾತ್ರ ಇಳಿಯಿರಿ.) ಹಿನ್ನೀರು ಹತ್ತಿರ ಬಂದು ನೆಲದ ಪಸಿ ಏರಿದ ಕಡೆ ಹಗೇವು ಕೆಲಸಕ್ಕೆ ಬರುವುದಿಲ್ಲ.

ಗಾಯರಾಣ, ಹಳ್ಳ, ಬಂಡಿ ದಾರಿ: ದನ ಮೇಯಲು, ನೀರು ಕುಡಿಯಲು, ಹೊಲಕ್ಕೆ ಹೋಗಲು. ಇವು ಮೂರೂ ಯಾರ ಹೆಸರಿನಲ್ಲೂ ಇಲ್ಲ. ಅದಕ್ಕೇ ಮೊದಲು ಕಳೆದುಹೋಗುವುದು ಇವೇ.

ಕಾಗದದ ಊರು, ಕಣ್ಣಿನ ಊರು

ತಾಲೂಕು ಕಚೇರಿಯ ಪಟ್ಟಿಯಲ್ಲಿರುವ ಊರಿಗೂ ನಾವು ಕಾಣುವ ಊರಿಗೂ ವ್ಯತ್ಯಾಸವಿದೆ. ಪಟ್ಟಿಯಲ್ಲಿರುವುದು ಕಂದಾಯ ಗ್ರಾಮ. ಅದಕ್ಕೆ ಗಡಿ ಇದೆ, ಸರ್ವೆ ನಂಬರುಗಳಿವೆ. ಅದರೊಳಗೆ ಮನೆಗಳಿರುವ ಜಾಗ ಗಾಂವಠಾಣ. ಕೆಲವು ಕಂದಾಯ ಗ್ರಾಮಗಳಲ್ಲಿ ಒಂದೂ ಮನೆ ಇಲ್ಲ. ದಫ್ತರದಲ್ಲಿ ಅವಕ್ಕೆ ‘ಬೇಚರಾಕ’ ಎಂದು ಬರೆಯುತ್ತಾರೆ. ಪಾರ್ಸಿಯ ಬೇ-ಚಿರಾಗ್ ಎಂಬ ಮಾತು ಅದು. ದೀಪ ಇಲ್ಲದ ಊರು ಎಂದು ಅರ್ಥ.

ದೀಪ ಯಾಕೆ ಆರಿತು? ಬರ ಒಂದು ಕಾರಣ. 1791–92ರ ಡೋಗಿ ಬರದ ಹೆಸರು ಇಂದಿಗೂ ನಮ್ಮ ಕಡೆ ಮಾತಿನಲ್ಲಿ ಬರುತ್ತದೆ. 1876–78ರ ಬರ ಈ ಸೀಮೆಯನ್ನು ಬಹಳ ಹಿಂಡಿತು. ಜಡ್ಡು, ದಂಗೆ, ಬತ್ತಿದ ಬಾವಿ ಬೇರೆ ಕಾರಣಗಳು. ಅಂಥ ಹಾಳೂರಿನ ಮಣ್ಣು ಕಂಡರೆ ಒಕ್ಕಲಿಗ ಬಿಡುವುದಿಲ್ಲ. ನೂರಾರು ವರ್ಷ ಬೂದಿ, ಸಗಣಿ, ಕಸ ಕೊಳೆತ ಮಣ್ಣು ಅದು. ಬಂಡಿಗಟ್ಟಲೆ ಹೊಲಕ್ಕೆ ಹೇರಿದ್ದುಂಟು. ಊರು ಸತ್ತ ಮೇಲೂ ಹೊಲಕ್ಕೆ ಗೊಬ್ಬರ ಆಯಿತು.

ಇದರ ತದ್ವಿರುದ್ಧವೂ ಇದೆ. ದೀಪ ಇದೆ, ಪಟ್ಟಿಯಲ್ಲಿ ಹೆಸರಿಲ್ಲ. ಲಂಬಾಣಿ ತಾಂಡಾಗಳು ಬಹಳ ಕಾಲ ಹೀಗೇ ಇದ್ದವು. ಎತ್ತಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗುತ್ತಿದ್ದ ಮಂದಿ. 1880ರ ದಶಕದಲ್ಲಿ ಬಾದಾಮಿ, ಬಾಗಲಕೋಟೆ ಮೇಲೆ ರೈಲು ಓಡಿತು. ರಸ್ತೆ, ರೈಲು ಬಂದಂತೆ ಹೇರಾಟದ ಕಸಬು ಹೋಗಿ, ಗುಡ್ಡದ ಓರೆಯಲ್ಲಿ, ಮಸಾರಿಯಲ್ಲಿ ನೆಲೆ ನಿಂತರು. ಮನೆ ಇದ್ದರೂ ಮನೆಯ ಕಾಗದ ಇಲ್ಲ. ಇಂಥ ತಾಂಡಾ, ಹಟ್ಟಿ, ಮಜರೆಗಳನ್ನು ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡುವ ಕೆಲಸಕ್ಕೆ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ದಾರಿಯಾಗಿದೆ. ಗಾಂವಠಾಣದ ಮನೆಗಳನ್ನು ಡ್ರೋನಿನಿಂದ ಅಳೆದು ಆಸ್ತಿ ಕಾರ್ಡು ಕೊಡುವ ಸ್ವಾಮಿತ್ವ ಯೋಜನೆ 2020ರಲ್ಲಿ ಶುರುವಾಯಿತು. ಅಳತೆಗೆ ಬಂದಾಗ ಮನೆಯ ಯಜಮಾನ ಊರಲ್ಲಿ ಇರಬೇಕು, ಹಿತ್ತಲು ಎಲ್ಲಿಯವರೆಗೆ ಎಂದು ತೋರಿಸಬೇಕು. ಆ ಹೊತ್ತಿನಲ್ಲಿ ಸುಮ್ಮನಿದ್ದು ಆಮೇಲೆ ಕಚೇರಿಗೆ ಅಲೆಯುವುದು ಬೇಡ.

ನೀರು ಊರಿಗೆ ಬಂದಾಗ

ನಮ್ಮ ಜಿಲ್ಲೆಯಲ್ಲಿ ಊರು ಏಳಲು ಈಗ ದೊಡ್ಡ ಕಾರಣ ನೀರು. ಅದು ಎರಡು ತರ.

ಒಂದು, ನಿಂತ ನೀರು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. 2000ದ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು 519.6 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. 2005ರಲ್ಲಿ ಕೆಲಸ ಮುಗಿಯಿತು. ನೂರಕ್ಕೂ ಹೆಚ್ಚು ಹಳ್ಳಿ ಮತ್ತು ಬಾಗಲಕೋಟೆ ಪಟ್ಟಣದ ಒಂದು ಭಾಗ ಹಿನ್ನೀರಿಗೆ ಹೋಯಿತು. ಪಟ್ಟಣದವರಿಗೆ ನವನಗರ ಎದ್ದಿತು. ಕೂಡಲಸಂಗಮದಲ್ಲಿ ಐಕ್ಯ ಮಂಟಪದ ಸುತ್ತ ಗೋಡೆ ಕಟ್ಟಿ ನೀರನ್ನು ಹೊರಗಿಟ್ಟರು. ಹಳ್ಳಿಗಳ ಕಣಗಳಿಗೆ ಅಂಥ ಗೋಡೆ ಯಾರು ಕಟ್ಟುತ್ತಾರೆ?

ಇದು ನಮ್ಮೊಬ್ಬರ ಕಥೆಯಲ್ಲ. ದೂರದ ಬಲ್ಗೇರಿಯಾ ದೇಶದಲ್ಲಿ 1960ರ ದಶಕದಲ್ಲಿ ಜ್ರೆಬ್ಚೆವೊ ಎಂಬ ಅಣೆಕಟ್ಟಿಗಾಗಿ ಮೂರು ಹಳ್ಳಿ ಎಬ್ಬಿಸಿದರು. ಅಲ್ಲಿ ಒಂದು ಕಲ್ಲಿನ ಇಗರ್ಜಿ ಇಂದಿಗೂ ನೀರಿನಲ್ಲಿ ನಿಂತಿದೆ, ನೀರು ಇಳಿದಾಗ ಮಂದಿ ಹೋಗಿ ನೋಡಿ ಬರುತ್ತಾರೆ. ನಮ್ಮ ಹಿನ್ನೀರಿನಲ್ಲೂ ಬೇಸಿಗೆಗೆ ಹಳೇ ಗುಡಿ, ಕಟ್ಟೆ ತಲೆ ಎತ್ತುತ್ತವೆ. ಗುಡಿ ಕಲ್ಲಿನದು, ಉಳಿಯುತ್ತದೆ. ಕಣ, ತಿಪ್ಪೆ, ಹಗೇವು ಮಣ್ಣಿನವು, ಅವುಗಳ ಗುರುತೂ ಸಿಗುವುದಿಲ್ಲ.

ಎರಡು, ಬಂದು ಹೋಗುವ ನೀರು. ಮಲಪ್ರಭಾ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಉಕ್ಕಿತು. ಮತ್ತೆ 2019ರ ಆಗಸ್ಟಿನಲ್ಲಿ ಬಾದಾಮಿ, ಹುನಗುಂದ ತಾಲೂಕಿನ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂದಿತ್ತು. ಇದರಲ್ಲಿ ನಮ್ಮ ತಪ್ಪೂ ಇದೆ, ಒಪ್ಪಿಕೊಳ್ಳಬೇಕು. 1970ರ ದಶಕದ ಆರಂಭದಲ್ಲಿ ಮೇಲೆ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಆದ ಮೇಲೆ ಹೊಳೆ ಬಹಳ ವರ್ಷ ಸಣ್ಣಗೆ ಹರಿಯಿತು. ಹೊಳೆ ಇಷ್ಟೇ ಎಂದುಕೊಂಡು ದಂಡೆ ಒತ್ತಿ ಹೊಲ ಮಾಡಿದೆವು, ತಗ್ಗಿಗೆ ಮನೆ ಕಟ್ಟಿದೆವು. ಜಾಲಿ ಬೆಳೆಯಿತು, ಹೂಳು ತುಂಬಿತು. ದೊಡ್ಡ ಮಳೆಯಾಗಿ ಗೇಟು ತೆರೆದಾಗ ನೀರಿಗೆ ಹೋಗಲು ಜಾಗವೇ ಇರಲಿಲ್ಲ. ಹಳಬರು ದಿಬ್ಬ ಹಿಡಿದಿದ್ದರು, ನಾವು ದಿಬ್ಬ ಇಳಿದೆವು.

2009ರ ನಂತರ ‘ಆಸರೆ’ ಹೆಸರಿನಲ್ಲಿ ಎತ್ತರದ ಜಾಗದಲ್ಲಿ ಮನೆಗಳಾದವು. ಹಲವು ಕಡೆ ಮಂದಿ ಅಲ್ಲಿ ಪೂರ್ತಿ ನೆಲೆ ನಿಲ್ಲಲಿಲ್ಲ. ಹಗಲು ಹಳೇ ಊರು, ಮಳೆ ಜೋರಾದರೆ ಹೊಸ ಊರು. ಪಟ್ಟಣದವರು ಇದನ್ನು ಮಂದಿಯ ಹಟ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಹೊಲ ಹಳೇ ಊರಿನ ಹತ್ತಿರ ಇದ್ದು, ಹೊಸ ಊರು ಅಲ್ಲಿಂದ ನಾಲ್ಕು ಕಿಲೋಮೀಟರ್ ಆದರೆ ದಿನಕ್ಕೆ ಹೋಗಿ ಬರಲು ಎಂಟು. ಮಧ್ಯಾಹ್ನ ದನಕ್ಕೆ ಮೇವು ಹಾಕಲು ಮತ್ತೊಮ್ಮೆ ಬಂದರೆ ಹದಿನಾರು. ಎರಡು ಎತ್ತು, ಒಂದು ಎಮ್ಮೆ ಇರುವವನು ಎಲ್ಲಿ ಮಲಗುತ್ತಾನೆ? ದನ ಇರುವಲ್ಲಿ ಮಲಗುತ್ತಾನೆ.

ಮೂರನೆಯದೊಂದು ಕಾರಣವೂ ನಮ್ಮಲ್ಲಿದೆ. ಐಹೊಳೆಯಲ್ಲಿ ಗುಡಿಗಳ ನಡುವೆಯೇ ಮನೆಗಳಿವೆ. ಒಂದು ಗುಡಿಗೆ ಅಲ್ಲಿ ವಾಸವಿದ್ದವನ ಹೆಸರೇ ಉಳಿದು ‘ಲಾಡಖಾನ ಗುಡಿ’ ಆಗಿದೆ. ಸ್ಮಾರಕ ಉಳಿಸಲು ಮನೆಗಳನ್ನು ಬೇರೆ ಕಡೆ ಒಯ್ಯುವ ಮಾತು ಬಹಳ ವರ್ಷಗಳಿಂದ ನಡೆದಿದೆ. ಅಲ್ಲಿನ ಒಕ್ಕಲಿಗರ ಪ್ರಶ್ನೆಯೂ ಇದೇ: ಮನೆ ಕೊಡುತ್ತೀರಿ, ದನ ಎಲ್ಲಿ ಕಟ್ಟೋಣ?

ದರದ ಮಾತು, ಜಾಗದ ಮಾತು

2010ರ ಡಿಸೆಂಬರ್ 30ರಂದು ಎರಡನೇ ಕೃಷ್ಣಾ ನ್ಯಾಯಮಂಡಳಿ ಆಲಮಟ್ಟಿಯಲ್ಲಿ 524.256 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. ಅಷ್ಟು ನೀರು ನಿಂತರೆ ಇನ್ನೂ ಸುಮಾರು 20 ಹಳ್ಳಿಗಳು ಏಳಬೇಕು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗುವ ಭೂಮಿಗೆ ದರ ನಿಗದಿ ಮಾಡಿತು: ನೀರಾವರಿ ಎಕರೆಗೆ 40 ಲಕ್ಷ, ಒಣ ಬೇಸಾಯದ ಎಕರೆಗೆ 30 ಲಕ್ಷ ರೂಪಾಯಿ. ಈಗ ಕಟ್ಟೆಯ ಮೇಲೆ ಕೂತರೆ ದರದ ಮಾತೇ. ದರ ಬೇಕು, ಅದನ್ನು ಬೇಡ ಎನ್ನುವವರು ಯಾರು? ಆದರೆ ಜಾಗದ ಮಾತು ಯಾರೂ ಎತ್ತುವುದಿಲ್ಲ. ಚಿಗವ್ವನ ಊರಿನಲ್ಲೂ ಆಗ ಹಾಗೇ ಆಗಿತ್ತಂತೆ. “ರೊಕ್ಕ ಎಷ್ಟು ಅಂತ ಎಲ್ಲಾರೂ ಕೇಳಿದ್ರು. ಕಣ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ ಯಪ್ಪಾ” ಎಂದಳು.

2013ರ ಭೂಸ್ವಾಧೀನ ಕಾಯ್ದೆ 2014ರ ಜನವರಿ 1ರಿಂದ ಜಾರಿಗೆ ಬಂದಿದೆ. ಅದರ ಮೂರನೇ ಅನುಸೂಚಿಯಲ್ಲಿ ಹೊಸ ಊರಿನಲ್ಲಿ ಏನೇನು ಇರಬೇಕೆಂಬ ಪಟ್ಟಿ ಇದೆ. ರಸ್ತೆ, ಚರಂಡಿ, ಶುದ್ಧ ಕುಡಿಯುವ ನೀರು ಇವು ಹೇಗೂ ಇವೆ. ಜೊತೆಗೆ ದನಗಳಿಗೆ ಕುಡಿಯುವ ನೀರು, ಗೋಮಾಳ, ಬೀಜ ಗೊಬ್ಬರ ಇಡುವ ಕೋಠಿ, ಪಶು ಚಿಕಿತ್ಸೆ, ರುದ್ರಭೂಮಿ ಇವೂ ಇವೆ. ನಮ್ಮ ಬಹಳ ಮಂದಿಗೆ ಇದು ಗೊತ್ತಿಲ್ಲ. ಅದೇ ಪಟ್ಟಿಯಲ್ಲಿ ಕಣ ಇಲ್ಲ, ಬಣವೆಯ ಜಾಗ ಇಲ್ಲ, ತಿಪ್ಪೆ ಇಲ್ಲ. ಪಟ್ಟಿಯಲ್ಲಿ ಇದ್ದದ್ದನ್ನು ಹಕ್ಕಿನಿಂದ ಕೇಳಬೇಕು. ಇಲ್ಲದ್ದನ್ನು ನಾವೇ ಬರೆದು ಸೇರಿಸಬೇಕು. ನಕ್ಷೆ ಹಾಕುವವರಿಗೆ ಒಕ್ಕಲುತನ ತಿಳಿಯದಿದ್ದರೆ ಅದು ಅವರ ತಪ್ಪಲ್ಲ, ತಿಳಿಸದಿದ್ದರೆ ನಮ್ಮ ತಪ್ಪು.

ಊರ ನಕ್ಷೆ ಹಾಕುವುದು ಹೇಗೆ?

ಏಳುವ ಊರಿನವರು ಮಾತ್ರವಲ್ಲ, ಎಲ್ಲರೂ ಮಾಡಬಹುದಾದ ಕೆಲಸ ಇದು. ಒಂದು ಸಂಜೆ ಸಾಕು.

1. ಗುಡಿ ಕಟ್ಟೆಯ ಮುಂದೆ ನೆಲದ ಮೇಲೆ ರಂಗೋಲಿ ಪುಡಿಯಿಂದ ಊರು ಬರೆಯಿರಿ. ಇಬ್ಬರು ಹಿರಿಯರು, ಇಬ್ಬರು ಹೆಣ್ಣುಮಕ್ಕಳು, ಒಬ್ಬ ದನ ಕಾಯುವವ ಇರಲೇಬೇಕು. ನೀರಿನ ದಾರಿ ಹೆಣ್ಣುಮಕ್ಕಳಿಗೆ, ಮೇವಿನ ದಾರಿ ದನ ಕಾಯುವವನಿಗೆ ಗೊತ್ತು.

2. ಮೊದಲು ಎತ್ತರ, ತಗ್ಗು, ಹಳ್ಳ ಬರೆಯಿರಿ. ಆಮೇಲೆ ಬಾವಿ, ಬೋರು. ಯಾವುದು ಸಿಹಿ, ಯಾವುದು ಸವಳು ಎಂದು ಗುರುತಿಸಿ. ಎರೆ, ಮಸಾರಿ, ಗರಸು ಬೇರೆ ಬೇರೆ ತೋರಿಸಿ.

3. 2009ರಲ್ಲಿ, 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಗೋಡೆಯ ಮೇಲಿನ ಗುರುತು ಅಳಿಯುವ ಮೊದಲು ಕಲ್ಲಿನಲ್ಲಿ ಕೊರೆದಿಡಿ. ಆ ಗುರುತಿಗಿಂತ ಕೆಳಗೆ ಹೊಸ ಮನೆ ಬೇಡ.

4. ಕಣ, ಬಣವೆ, ತಿಪ್ಪೆ, ದನದ ನೀರು, ಗಾಯರಾಣ, ಬಂಡಿ ದಾರಿ ಒಂದೊಂದನ್ನೂ ಎಣಿಸಿ. ಎಷ್ಟು ಮನೆಗೆ ಎಷ್ಟು ಜಾಗ ಎಂದು ಹಗ್ಗ ಹಿಡಿದು ಅಳೆದು ಬರೆಯಿರಿ.

5. ಪ್ರತಿ ಮನೆಯಿಂದ ಹೊಲಕ್ಕೆ ಎಷ್ಟು ದೂರ ಎಂದು ಬರೆಯಿರಿ. ಹೊಸ ಜಾಗ ತೋರಿಸಿದಾಗ ಮೊದಲು ಹೋಲಿಸಬೇಕಾದದ್ದು ಈ ಅಂಕಿಯನ್ನೇ.

6. ಈ ನಕ್ಷೆಯನ್ನು ಹಾಳೆಗೆ ಇಳಿಸಿ, ಗ್ರಾಮಸಭೆಯಲ್ಲಿ ಇಟ್ಟು, ನಡಾವಳಿ ಪುಸ್ತಕದಲ್ಲಿ ದಾಖಲಿಸಿ. ಬಾಯಿ ಮಾತು ಗಾಳಿಗೆ ಹೋಗುತ್ತದೆ, ನಡಾವಳಿ ಉಳಿಯುತ್ತದೆ.

7. ಜಂಟಿ ಅಳತೆ ನಡೆದರೆ ಹೊಲದ ಎಕರೆ ಮಾತ್ರ ಬರೆಸಿ ಸುಮ್ಮನಾಗಬೇಡಿ. ಬಾವಿ, ಪೈಪು, ಗಿಡ, ದನದ ಚಪ್ಪರ, ಹುನಗುಂದ ಕಡೆಯ ಹೊಲವಾದರೆ ಒಡ್ಡು ಮತ್ತು ಕಲ್ಲಿನ ಕೋಡಿ, ಎಲ್ಲವನ್ನೂ ತೋರಿಸಿ ಬರೆಸಿ. ಮಳೆ ನೀರು ಹೊಲದಲ್ಲೇ ಇಂಗಿ ಹಿಂಗಾರಿ ಬೆಳೆ ಬರಲೆಂದು ಎಷ್ಟೋ ತಲೆಮಾರು ದುಡಿದು ಹಾಕಿದ ಒಡ್ಡು ಅವು. ಉತಾರದಲ್ಲಿ ಅವು ಕಾಣುವುದಿಲ್ಲ.

ಹೊಸ ಊರಿನಲ್ಲಿ ಒಳ್ಳೆಯದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಚಿಗವ್ವನ ಸೊಸೆಯನ್ನು ಕೇಳಿದೆ, “ಹಳೇ ಊರು ಚಲೋ ಇತ್ತೇನವಾ?” ಆಕೆ ನಕ್ಕಳು. “ನಿಮಗ ಚಲೋ ಇತ್ತರಿ ಮಾವಾರ. ಕೊಡ ಹೊತ್ತು ದಿಬ್ಬ ಹತ್ತಿದವರನ್ನ ಕೇಳ್ರಿ.” ಸರಿಯಾದ ಮಾತು. ಹಳೇ ಊರನ್ನು ಹಾಗೇ ಎತ್ತಿ ತರಬೇಕಿಲ್ಲ. ನಳ, ಶೌಚಾಲಯ, ಅಗಲ ರಸ್ತೆ ಬರಲಿ. ಒಕ್ಕಲುತನದ ಜಾಗಗಳೂ ಅದರ ಜೊತೆಗೇ ಬರಲಿ.

ಕೊನೆಗೆ ಚಿಗವ್ವನ ಊರಿನ ಸುದ್ದಿ. ಈ ವರ್ಷ ಆ ಓಣಿಯ ಎಂಟು ಮನೆಯವರು ಕೂಡಿ, ಒಬ್ಬರ ಹೊಲದ ಗರಸು ಮೂಲೆಯನ್ನು ಹದ ಮಾಡಿ ಕಣ ಮಾಡಿಕೊಂಡಿದ್ದಾರೆ. ಹೊಲದವನಿಗೆ ಬಾಡಿಗೆ ಅಂತ ಮನೆಗೊಂದು ಬುಟ್ಟಿ ಜೋಳ. ಅದರ ಅಂಚಿಗೇ ಬಣವೆ, ತಿಪ್ಪೆ ಗುಂಡಿ. ತಮ್ಮ ಫೋನ್ ಮಾಡಿದ್ದ, ಒಂದು ಎಮ್ಮೆ ತರುವ ಯೋಚನೆ ಇದೆಯಂತೆ. ಊರು ಕಟ್ಟುವಾಗಲೇ ಅರ್ಧ ಎಕರೆ ಬಿಟ್ಟಿದ್ದರೆ ಇಪ್ಪತ್ತು ವರ್ಷ ರಸ್ತೆಯ ಮೇಲೆ ರಾಶಿ ಮಾಡುವುದು ತಪ್ಪುತ್ತಿತ್ತು.

ನಿಮ್ಮ ಊರು ಯಾಕೆ ಅಲ್ಲೇ ಕೂತಿದೆ? ಕಣ ಎಲ್ಲಿದೆ, ತಿಪ್ಪೆ ಎಲ್ಲಿದೆ, ಯಾವುದು ಉಳಿದಿದೆ, ಯಾವುದು ಹೋಗಿದೆ? ಹಿರಿಯರನ್ನು ಕೇಳಿ ಬರೆದು ಕಳಿಸಿ. ಅವರು ಇರುವಾಗಲೇ ಕೇಳಿ.